ಅಡುಗೆ ಮನೆಯಿಂದ ಕುಂದಗೋಳಕ್ಕೆ

ಬೆಳಿಗ್ಗೆ ಹಾಲು ಕಾಯುವ ಹೊತ್ತಿಗೆ ನಿಮ್ಮ ಮನೆಯಲ್ಲಿ ಏನು ಕೇಳಿಸುತ್ತದೆ, ಹೇಳಿ ನೋಡೋಣ? ಕೆಲವರ ಮನೆಯಲ್ಲಿ ಸುಪ್ರಭಾತ, ಕೆಲವರಲ್ಲಿ ವಾರ್ತೆ, ಇನ್ನು ಕೆಲವರಲ್ಲಿ “ಅಮ್ಮಾ, ನನ್ನ ಸಾಕ್ಸ್ ಎಲ್ಲಿ?” ಎಂಬ ಕೂಗು! ಹರಿಹರದ ನಮ್ಮ ಮನೆಯಲ್ಲಿ ಇವೆಲ್ಲದರ ಜೊತೆಗೆ ತಂಬೂರಿಯ ಶ್ರುತಿಯೂ ಒಂದು. ಮೊಬೈಲನ್ನು ಸಾಂಬಾರ ಪುಡಿಯ ಡಬ್ಬಿಗಳ ನಡುವೆ ಆನಿಸಿ ಇಟ್ಟು, ಯಾರಾದರೊಬ್ಬ ದೊಡ್ಡ ಗಾಯಕರನ್ನು ಹಾಡಲು ಹಚ್ಚಿ, ನಾನು ನನ್ನ ಕೆಲಸಕ್ಕೆ ತೊಡಗುತ್ತೇನೆ.

“ಒಗ್ಗರಣೆ ಹಾಕುತ್ತಾ ಕೇಳಿದರೆ ಅದು ಕೇಳಿದ ಹಾಗಲ್ಲ. ಖಯಾಲ್ ಕೇಳಬೇಕಾದರೆ ಕೂತು ಕೇಳಬೇಕು” ಅಂತ ನಮ್ಮ ಬಂಧುಗಳೊಬ್ಬರು ಹೇಳುತ್ತಿರುತ್ತಾರೆ. ಸಂಗೀತ ಬಲ್ಲವರು, ಅವರ ಮಾತನ್ನು ತೆಗೆದುಹಾಕುವಂತಿಲ್ಲ. ಆದರೆ ಗೆಳತಿಯರೇ, ನೀವೇ ಹೇಳಿ: ಮನೆಯಲ್ಲಿ ಎಲ್ಲರೂ ಎದ್ದು ಓಡಾಡುವಾಗ ಗೃಹಿಣಿಯಾದವಳು ಒಂದು ಗಂಟೆ ಸುಮ್ಮನೆ ಕೂತರೆ ಯಾರಾದರೂ ಸುಮ್ಮನಿರುತ್ತಾರೆಯೇ? ಕೂತು ಕೇಳುವ ಭಾಗ್ಯ ಸಿಗುವ ತನಕ ನಿಂತು ಕೇಳೋಣ ಎಂಬುದು ನನ್ನ ಲೆಕ್ಕ. ಈ ಸಲ ಆ ಕೂತು ಕೇಳುವ ಭಾಗ್ಯವನ್ನೂ ಹುಡುಕಿಕೊಂಡು ಅತ್ತೆಯವರ ಜೊತೆ ಹುಬ್ಬಳ್ಳಿ-ಧಾರವಾಡದ ಕಡೆ ಹೋಗಿಬಂದೆ. ಅದನ್ನೇ ನಿಮಗೆ ಹೇಳಬೇಕೆಂದಿದ್ದೇನೆ.

ಗಡಿಯಾರದ ಬದಲು ರಾಗ

ಮೊದಲು ನನ್ನ ದಿನಚರಿ ಕೇಳಿ. ಹಿಂದೂಸ್ತಾನಿ ಸಂಗೀತದಲ್ಲಿ ಒಂದೊಂದು ರಾಗಕ್ಕೆ ಒಂದೊಂದು ಹೊತ್ತು ಉಂಟಲ್ಲ, ಅದು ಗೃಹಿಣಿಯರಿಗಾಗಿಯೇ ಮಾಡಿಟ್ಟಂತಿದೆ. ಬಾಗಿಲಿಗೆ ನೀರು ಹಾಕುವ ಹೊತ್ತಿಗೆ ಭೈರವ್ ಅಥವಾ ಅಹಿರ್ ಭೈರವ್. ತಿಂಡಿಯ ಗಡಿಬಿಡಿಗೆ ತೋಡಿ. ಮಕ್ಕಳು ಶಾಲೆಗೆ ಹೋದ ಮೇಲೆ, ಮನೆ ಒಮ್ಮೆ ಉಸಿರು ಬಿಡುತ್ತದೆ ನೋಡಿ, ಆಗ ಬಿಲಾವಲ್. ಮಧ್ಯಾಹ್ನ ಬಿಸಿಲೇರಿದಾಗ ಸಾರಂಗ. ಊಟವಾಗಿ ಮೊರದಲ್ಲಿ ಅಕ್ಕಿ ಹರವಿಕೊಂಡು ಕೂತಾಗ ಭೀಮಪಲಾಸಿ. ದೀಪ ಹಚ್ಚುವಾಗ ಪೂರಿಯಾ ಧನಾಶ್ರೀ, ರಾತ್ರಿಯ ರೊಟ್ಟಿಗೆ ಯಮನ್, ಅಡುಗೆ ಮನೆಯ ಕಟ್ಟೆ ಒರೆಸಿ ದೀಪ ಆರಿಸುವಾಗ ಬಾಗೇಶ್ರೀ ಅಥವಾ ಮಾಲಕಂಸ.

ಹೆಸರು ಕೇಳಿ ಹೆದರಬೇಡಿ. ಕರ್ನಾಟಕ ಸಂಗೀತ ಕೇಳಿದವರಿಗೆ ಇವರಲ್ಲಿ ಅನೇಕರು ಪರಿಚಯದವರೇ. ಯಮನ್ ನಮ್ಮ ಕಲ್ಯಾಣಿಗೆ ಹತ್ತಿರ, ಮಾಲಕಂಸ ಅಂದರೆ ಹಿಂದೋಳ, ಭೂಪ್ ಅಂದರೆ ಮೋಹನ, ದುರ್ಗಾ ಅಂದರೆ ಶುದ್ಧ ಸಾವೇರಿ. ಸ್ವರಗಳು ಅವೇ, ನಡಿಗೆ ಮಾತ್ರ ಬೇರೆ.

ಖಯಾಲ್ ಹೇಗೆ ಬೆಳೆಯುತ್ತದೆ ಎಂಬುದೂ ನಮಗೆ ತಿಳಿಯದ ಸಂಗತಿಯಲ್ಲ. ಮೊದಲು ವಿಲಂಬಿತ್. ಅದು ಸಣ್ಣ ಉರಿಯಲ್ಲಿ ಬೇಳೆ ಬೇಯುವ ಹಾಗೆ; ಅವಸರ ಮಾಡಿದರೆ ಕೆಡುತ್ತದೆ. ಗಾಯಕರು ಒಂದೊಂದೇ ಸ್ವರವನ್ನು ಮುಟ್ಟಿ, ಅಲ್ಲೇ ನಿಂತು, ಸುತ್ತು ಹಾಕಿ, ಮೇಲಿನ ಷಡ್ಜ ತಲುಪುವಷ್ಟರಲ್ಲಿ ಪಲ್ಯದ ತರಕಾರಿ ಹೆಚ್ಚಿ ಮುಗಿದಿರುತ್ತದೆ. ಆಮೇಲೆ ಬರುವ ದ್ರುತ್ ಒಗ್ಗರಣೆ ಇದ್ದಂತೆ: ಚಟಪಟ, ಘಮಘಮ, ಮುಗಿದೇ ಹೋಯಿತು! ಇನ್ನು ಸಮಯವೇ ಇಲ್ಲದ ದಿನಕ್ಕೆ ಹಳೆಯ ಗ್ರಾಮಫೋನ್ ತಟ್ಟೆಗಳ ಹಾಡುಗಳಿವೆ. 78 ಸುತ್ತಿನ ಆ ತಟ್ಟೆಯ ಒಂದು ಮಗ್ಗುಲಿಗೆ ಹಿಡಿಯುತ್ತಿದ್ದುದು ಮೂರು-ಮೂರೂವರೆ ನಿಮಿಷದ ಹಾಡು ಮಾತ್ರ. ಹಾಲು ಉಕ್ಕುವುದರೊಳಗೆ ಅಬ್ದುಲ್ ಕರೀಂ ಖಾನರ ಒಂದು ಠುಮ್ರಿ ಕೇಳಿ ಮುಗಿಸಬಹುದು.

ಅತ್ತೆಯವರ ಕಿವಿ

ಈ ಹುಚ್ಚು ನನಗೆ ಅಂಟಿದ್ದು ಅತ್ತೆಯವರಿಂದ. ಅವರ ತವರು ಹುಬ್ಬಳ್ಳಿ. 1950ರ ಜನವರಿ 8ರಂದು ಶುರುವಾದ ಧಾರವಾಡ ಆಕಾಶವಾಣಿಯ ಹಾಡು ಕೇಳಿಕೊಂಡೇ ಬೆಳೆದವರು. ಗಣೇಶನ ಹಬ್ಬದಲ್ಲಿ ಪೆಂಡಾಲು ಹಾಕಿ ದೊಡ್ಡ ದೊಡ್ಡವರ ಕಛೇರಿ ಇಡುತ್ತಿದ್ದರಂತೆ. “ಕೇಳಾಕ ಹೋಗ್ತಿದ್ವಿ ಖರೆ, ಆದರ ಒಂಬತ್ತಕ್ಕ ಮನೀಗೆ ಬರಬೇಕಿತ್ತು. ಅಣ್ಣಂದಿರಿಗೆ ರೊಟ್ಟಿ ಬಡೀಬೇಕಲ್ಲಾ. ಒಂದು ಕಛೇರಿನೂ ಭೈರವಿ ತನಕ ಕೇಳಲಿಲ್ಲ ನೋಡವಾ” ಅಂತ ಅವರು ಹೇಳುವುದುಂಟು. ಕಛೇರಿಯ ಕೊನೆಗೆ ಭೈರವಿ ಹಾಡುವುದು ರೂಢಿ. ನಮ್ಮಲ್ಲಿ ಮಂಗಳ ಹಾಡಿ ಮುಗಿಸುವಂತೆ. ಅಣ್ಣಂದಿರು ಮಾತ್ರ ರೊಟ್ಟಿ ತಿಂದು ಮತ್ತೆ ಪೆಂಡಾಲಿಗೆ ಹೋಗಿ ಭೈರವಿ ಕೇಳಿಕೊಂಡೇ ಬರುತ್ತಿದ್ದರಂತೆ! ಮದುವೆಯಾದ ಮೇಲಂತೂ ಆ ಮಾತೇ ಇಲ್ಲ.

ಎರಡು ವರ್ಷದಿಂದ ಅತ್ತೆಯವರ ಕಿವಿ ಮಂದವಾಗುತ್ತಿದೆ. ಬಲಗಿವಿ ಬಹುಮಟ್ಟಿಗೆ ಹೋಗಿದೆ, ಎಡಗಿವಿಯೂ ನಿಧಾನವಾಗಿ ಅದೇ ದಾರಿ ಹಿಡಿದಿದೆ ಎಂದರು ಡಾಕ್ಟರು. ವಯಸ್ಸಿನಿಂದ ಕಿವಿ ಮಂದವಾಗುವಾಗ ಸಾಮಾನ್ಯವಾಗಿ ಮೊದಲು ಹೋಗುವುದು ತಾರದ, ಸಣ್ಣ ದನಿಯ ಶಬ್ದಗಳು. ಹಕ್ಕಿಯ ಕೂಗು, ಗೆಜ್ಜೆಯ ಸಪ್ಪಳ, ಮಾತಿನಲ್ಲಿ ಸ, ಶ ಅಕ್ಷರಗಳು. ದಪ್ಪ ದನಿಗಳು ಹೆಚ್ಚು ಕಾಲ ಉಳಿಯುತ್ತವೆ. ಕಿವಿಗೆ ಹಾಕುವ ಯಂತ್ರ ಮಾತಿಗೆಂದು ಹೊಂದಿಸಿದ್ದು. ಅದರಿಂದ ಮಾತು ತಿಳಿಯಾಯಿತೇ ಹೊರತು ಹಾಡು ತಗಡು ಬಡಿದಂತೆ ಕೇಳುತ್ತದೆ ಎಂಬುದು ಅವರ ದೂರು.

ಹೀಗಾಗಿ ಅತ್ತೆಯವರ ಮೆಚ್ಚಿನ ಗಾಯಕರ ಪಟ್ಟಿಯೂ ಬದಲಾಯಿತು. ನನಗೆ ಹುಬ್ಬಳ್ಳಿಯ ಜಯತೀರ್ಥ ಮೇವುಂಡಿಯವರೆಂದರೆ ಪ್ರಾಣ. ಅವರು ತಾರಸಪ್ತಕಕ್ಕೆ ಏರಿದರೆ ನಾನು ಸೌಟು ಹಿಡಿದು ನಿಂತೇಬಿಡುತ್ತೇನೆ. ಅತ್ತೆ ಮಾತ್ರ “ಮ್ಯಾಲ ಹೋದಾಗ ನನಗ ಸಿಗೂದಿಲ್ಲ” ಎನ್ನುತ್ತಾರೆ. ಒಂದು ಸಂಜೆ ಗಂಗೂಬಾಯಿ ಹಾನಗಲ್ಲರ ಹಳೆಯ ಧ್ವನಿಮುದ್ರಣ ಹಚ್ಚಿದೆ. ಅತ್ತೆ ಕೈಯಲ್ಲಿದ್ದ ಬತ್ತಿ ಹಾಗೇ ಹಿಡಿದು ಕೂತರು. “ಇದು ಪೂರಾ ಕೇಳ್ತದ” ಅಂದರು.

ಯಾಕೆ ಅಂತ ಗೊತ್ತಾಯಿತಲ್ಲ? ಗಂಗೂಬಾಯಿಯವರದು ಗಂಡು ದನಿ ಎಂದೇ ಹೆಸರಾದ ಗಂಭೀರ ಕಂಠ. ಹರೆಯದಲ್ಲಿ ಅವರ ದನಿ ತೆಳುವಾಗಿ, ಇಂಪಾಗಿ ಇತ್ತು. 1930ರ ದಶಕದ ಮೊದಲ ವರ್ಷಗಳಲ್ಲಿ ‘ಗಾಂಧಾರಿ’ ಎಂಬ ಹೆಸರಿನಲ್ಲಿ ಬಂದ ಅವರ ತಟ್ಟೆಗಳನ್ನು ಕೇಳಿದರೆ ಬೇರೆ ಯಾರೋ ಎನ್ನಬೇಕು! ಆಮೇಲೆ ಗಂಟಲಿನ ಗಡ್ಡೆಗೆ ಚಿಕಿತ್ಸೆಯಾಗಿ ದನಿ ಒಡೆದು ದಪ್ಪಗಾಯಿತು. ಇನ್ನೊಬ್ಬರಾಗಿದ್ದರೆ ತಂಬೂರಿ ಮೂಲೆಗಿಡುತ್ತಿದ್ದರು. ಇವರು ಆ ದನಿಯನ್ನೇ ಸಾಧಿಸಿ ಅರ್ಧ ಶತಮಾನಕ್ಕೂ ಮಿಕ್ಕಿ ಹಾಡಿದರು. ರೇಡಿಯೋದಲ್ಲಿ ಕೇಳಿ ಗಂಡಸೆಂದು ತಿಳಿದವರೂ ಇದ್ದರು, ನಕ್ಕವರೂ ಇದ್ದರು. ಆ ದನಿಯೇ ಇಂದು ನಮ್ಮ ಅತ್ತೆಯವರ ಒಂದು ಕಿವಿಗೆ ಪೂರಾ ತಲುಪುತ್ತಿದೆ.

“ಅತ್ತೆ, ಎಡಗಿವಿ ಚೆನ್ನಾಗಿರುವಾಗಲೇ ಒಮ್ಮೆ ಹೋಗಿ ಭೈರವಿ ಕೇಳಿಯೇ ಬರೋಣ” ಎಂದೆ. ಮನೆಯವರ ಊಟಕ್ಕೆ ಎರಡು ದಿನದ ಚಪಾತಿ, ಚಟ್ನಿಪುಡಿ, ಉಪ್ಪಿನಕಾಯಿ ಮಾಡಿಟ್ಟು ಹೊರಟೇಬಿಟ್ಟೆವು.

ಸಂಶಿ ದಾಟಿದರೆ ಕುಂದಗೋಳ

ಹರಿಹರದಿಂದ ಎಲ್ಲ ನಿಲ್ದಾಣದಲ್ಲೂ ನಿಲ್ಲುವ ರೈಲು ಹತ್ತಿದೆವು. ರಾಣೆಬೆನ್ನೂರು, ಹಾವೇರಿ ದಾಟಿದ ಮೇಲೆ ಎರಡೂ ಕಡೆ ಕರಿ ಎರೆಮಣ್ಣಿನ ಹೊಲ. ಯಲವಗಿ, ಗುಡಗೇರಿ, ಸಂಶಿ, ಆಮೇಲೆ ಕುಂದಗೋಳ. ಹುಬ್ಬಳ್ಳಿಗೆ ಹೋಗುವ ಎಷ್ಟೋ ಜನ ಈ ನಿಲ್ದಾಣದಲ್ಲಿ ಕಿಟಕಿಯಿಂದ ತಲೆ ಕೂಡ ಹೊರಗೆ ಹಾಕುವುದಿಲ್ಲ. ಆದರೆ ಭಾರತದ ಸಂಗೀತದ ದೊಡ್ಡ ಮರವೊಂದಕ್ಕೆ ಬೇರು ಇಲ್ಲೇ ಇದೆ.

ಸವಾಯಿ ಗಂಧರ್ವ ಎಂದು ಹೆಸರಾದ ರಾಮಭಾವು ಕುಂದಗೋಳಕರರ ಊರು ಇದು. ಅವರು ಹುಟ್ಟಿದ್ದು 1886ರಲ್ಲಿ, ತೀರಿಕೊಂಡದ್ದು 1952ರಲ್ಲಿ. ಕಿರಾಣಾ ಘರಾಣೆಯ ಅಬ್ದುಲ್ ಕರೀಂ ಖಾನರ ಶಿಷ್ಯರು. ಮರಾಠಿ ನಾಟಕಗಳಲ್ಲಿ ಸ್ತ್ರೀಪಾತ್ರ ಮಾಡಿ ಕೀರ್ತಿ ಪಡೆದರು. ಬಾಲಗಂಧರ್ವರಿಗಿಂತ ಒಂದು ಕಾಲು ಹೆಚ್ಚು ಎನ್ನುವ ಅರ್ಥದಲ್ಲಿ ‘ಸವಾಯಿ’ ಗಂಧರ್ವ ಎಂಬ ಬಿರುದು ಬಂತು. ಇಲ್ಲಿನ ನಾಡಿಗೇರ ವಾಡೆ ಅವರಿಗೂ ಅವರ ಸಂಗೀತಕ್ಕೂ ಆಸರೆಯಾಗಿದ್ದ ಮನೆ. ಕಟ್ಟಿಗೆಯ ದಪ್ಪ ಕಂಬ, ಎತ್ತರದ ಬಾಗಿಲು, ಒಳಗೆ ಕಾಲಿಟ್ಟರೆ ತಂಪು. ಗುರುಗಳ ಪುಣ್ಯತಿಥಿಯ ನೆನಪಿಗೆ ಈ ವಾಡೆಯಲ್ಲಿ ರಾತ್ರಿಯಿಡೀ ಹಾಡಿ ಹೋದ ಕಲಾವಿದರಿಗೆ ಲೆಕ್ಕವಿಲ್ಲ.

1930ರ ದಶಕದ ಕೊನೆಯಲ್ಲಿ ಇಲ್ಲಿ ಕಲಿಯುತ್ತಿದ್ದವರು ಯಾರೆಂದು ನೋಡಿ. ಒಬ್ಬ ಹುಡುಗ ಗದಗಿನಿಂದ ಬಂದವನು, ಭೀಮಸೇನ ಜೋಶಿ. ಅಬ್ದುಲ್ ಕರೀಂ ಖಾನರ ತಟ್ಟೆಯ ಹಾಡು ಕೇಳಿ, ಅಂಥ ಸಂಗೀತ ಕಲಿಸುವ ಗುರುವನ್ನು ಹುಡುಕುತ್ತಾ 1933ರಲ್ಲಿ, ಹನ್ನೊಂದರ ವಯಸ್ಸಿನಲ್ಲೇ ಮನೆ ಬಿಟ್ಟು ಉತ್ತರ ಭಾರತವೆಲ್ಲ ಅಲೆದವರು. ಕೊನೆಗೆ ಗುರು ಸಿಕ್ಕದ್ದು ಮನೆಯ ಹತ್ತಿರದ ಕುಂದಗೋಳದಲ್ಲೇ! ಗುರುಗಳ ಮನೆಗೆ ನೀರು ಹೊತ್ತು, ಕೆಲಸ ಮಾಡಿಕೊಂಡು ಕಲಿತರು. 2008ರಲ್ಲಿ ಅವರಿಗೆ ಭಾರತರತ್ನ ಘೋಷಣೆಯಾಯಿತು. ಗುರುವಿನ ನೆನಪಿಗೆ ಅವರು ಪುಣೆಯಲ್ಲಿ 1953ರಿಂದ ನಡೆಸಿಕೊಂಡು ಬಂದ ಸಂಗೀತೋತ್ಸವ ಇಂದು ದೇಶಕ್ಕೇ ಪ್ರಸಿದ್ಧ.

ಇನ್ನೊಬ್ಬರು ಗಂಗೂಬಾಯಿ. ಹುಟ್ಟಿದ್ದು 1913ರ ಮಾರ್ಚ್ 5ರಂದು, ಧಾರವಾಡದ ಶುಕ್ರವಾರಪೇಟೆಯಲ್ಲಿ. ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದ ಗಾಯಕಿ. ಮಗಳಿಗೆ ಹಿಂದೂಸ್ತಾನಿ ಒಲಿಯಲಿ ಎಂದು ಆ ತಾಯಿ ತನ್ನ ಹಾಡನ್ನೇ ಬದಿಗಿಟ್ಟರಂತೆ. ಮನೆತನ 1928ರಲ್ಲಿ ಹುಬ್ಬಳ್ಳಿಗೆ ಬಂತು. ಮದುವೆಯಾಗಿ, ಮಕ್ಕಳ ತಾಯಿಯಾದ ಮೇಲೆ ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಓಡಾಡಿ ಪಾಠ ಮಾಡಿಸಿಕೊಂಡರು. ಪಾಠ ಮುಗಿದ ಮೇಲೆ ರಾತ್ರಿಯ ಗಾಡಿಗೆ ಭೀಮಸೇನರು ಜೊತೆಗೆ ನಿಲ್ದಾಣದ ತನಕ ಬರುತ್ತಿದ್ದರೆಂದೂ, ಇವತ್ತು ಏನು ಹೇಳಿಕೊಟ್ಟರು ಎಂದು ದಾರಿಯಲ್ಲಿ ವಿಚಾರಿಸುತ್ತಿದ್ದರೆಂದೂ ಹೇಳುತ್ತಾರೆ.

ಆ ನಿಲ್ದಾಣದ ಕಲ್ಲುಬೆಂಚಿನ ಮೇಲೆ ನಾವಿಬ್ಬರೂ ಕೂತು ಬುತ್ತಿ ಬಿಚ್ಚಿದೆವು. “ಮನಿಯಾಗ ಸಣ್ಣ ಹುಡುಗರನ್ನ ಬಿಟ್ಟು ಬರ್ತಿದ್ರೇನೋ ಪಾಪ” ಅಂದರು ಅತ್ತೆ. ಅವರ ಮನಸ್ಸಿಗೆ ಹತ್ತಿದ್ದು ಘರಾಣೆಯಲ್ಲ, ಆ ತಾಯಿಯ ರೈಲು ಪ್ರಯಾಣ.

ಧಾರವಾಡದ ಗಾಳಿ

ಹುಬ್ಬಳ್ಳಿಯಿಂದ ಧಾರವಾಡ ಸುಮಾರು ಇಪ್ಪತ್ತು ಕಿಲೋಮೀಟರು. ಬಸ್ಸು ಬೇಕಾದಷ್ಟು. “ಕನ್ನಡ ನಾಡಿನ ನಡುವೆ ಈ ಹಿಂದೂಸ್ತಾನಿ ಸಂಗೀತ ಹೇಗೆ ಬಂತು?” ಎಂದು ನೀವು ಕೇಳಬಹುದು. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆ ಆಗುವವರೆಗೆ ಈ ಭಾಗ ಮುಂಬಯಿ ಕಡೆಗೇ ಸೇರಿತ್ತು. ಮರಾಠಿ ನಾಟಕ ಕಂಪನಿಗಳು ಇಲ್ಲಿ ಕ್ಯಾಂಪ್ ಹಾಕುತ್ತಿದ್ದವು. ಪುಣೆ, ಮೀರಜಿನಿಂದ ನೇರ ರೈಲಿತ್ತು. ಉತ್ತರದ ಉಸ್ತಾದರು ಮೈಸೂರು ಅರಮನೆಗೆ ಹಾಡಲು ಹೋಗುವಾಗ ಬರುವಾಗ ನಡುವೆ ಇಲ್ಲಿ ಇಳಿದು, ಹಾಡಿ, ಕಲಿಸಿ ಹೋಗುತ್ತಿದ್ದರು.

ಧಾರವಾಡದಲ್ಲಿ ಮಲ್ಲಿಕಾರ್ಜುನ ಮನಸೂರರ ಮನೆ ‘ಮೃತ್ಯುಂಜಯ’ ಇದೆ. ಅವರ ಸ್ಮಾರಕವಾಗಿ ಉಳಿಸಿಕೊಂಡಿದ್ದಾರೆ. ಮನಸೂರರು ಧಾರವಾಡದ ಪಕ್ಕದ ಹಳ್ಳಿಯವರು. 1910ರ ಡಿಸೆಂಬರ್ 31ರಂದು ಹುಟ್ಟಿ, 1992ರ ಸೆಪ್ಟೆಂಬರ್ 12ರಂದು ತೀರಿಕೊಂಡರು. ಜೈಪುರ-ಅತ್ರೌಲಿ ಘರಾಣೆಯ ಮಂಜಿ ಖಾನ್ ಮತ್ತು ಬುರ್ಜಿ ಖಾನರ ಶಿಷ್ಯರು. ಶುಕ್ಲ ಬಿಲಾವಲ್, ಖಟ್, ಬಹಾದುರಿ ತೋಡಿಯಂಥ ಅಪರೂಪದ ರಾಗಗಳು ಅವರ ನಾಲಗೆಯ ಮೇಲೆ ಆಡುತ್ತಿದ್ದವು. ಅಷ್ಟೇ ಅಕ್ಕರೆಯಿಂದ ವಚನಗಳನ್ನೂ ಹಾಡಿದರು. ಅವರ ಆತ್ಮಕಥೆ ‘ನನ್ನ ರಸಯಾತ್ರೆ’ ಸಿಕ್ಕರೆ ಓದಿ.

ಮನೆಯೆಂದರೆ ಅರಮನೆಯೇನಲ್ಲ. ನಮ್ಮ ನಿಮ್ಮ ಮನೆಯಂಥದೇ. “ಇಷ್ಟ ಸಣ್ಣ ಖೋಲಿಯೊಳಗ ಕೂತು ಅಷ್ಟ ದೊಡ್ಡ ಹಾಡ ಹಾಡಿದ್ರಲ್ಲ!” ಅಂತ ಅತ್ತೆಗೆ ಅಚ್ಚರಿ.

ಭೈರವಿಯ ತನಕ

ನಮ್ಮ ಅದೃಷ್ಟಕ್ಕೆ ಆ ಭಾನುವಾರ ಬೆಳಿಗ್ಗೆ ಧಾರವಾಡದಲ್ಲೊಂದು ಸಣ್ಣ ಬೈಠಕ್ ಇತ್ತು. ಜಮಖಾನೆ ಹಾಸಿದ್ದರು, ನೂರು ಜನ ಇದ್ದರೇನೋ. ಹಾಡುವವಳು ಇನ್ನೂ ಚಿಕ್ಕ ಹುಡುಗಿ. ಅತ್ತೆಯವರ ಎಡಗಿವಿ ಗಾಯಕಿಯ ಕಡೆಗೆ ಬರುವಂತೆ, ತಂಬೂರಿಗೆ ಹತ್ತಿರವಾಗಿ ಮುಂದಿನ ಸಾಲಿನಲ್ಲಿ ಅವರನ್ನು ಕೂರಿಸಿದೆ. ಕಿವಿಯ ಯಂತ್ರ ತೆಗೆದು ಪರ್ಸಿನಲ್ಲಿಟ್ಟುಕೊಂಡರು.

ಮೊದಲು ಜೌನಪುರಿ, ಆಮೇಲೆ ಸಾರಂಗ, ನಡುವೆ ಒಂದು ವಚನ. ಗಂಟೆ ಹನ್ನೆರಡೂವರೆ ಆಯಿತು. ಊಟದ ಹೊತ್ತು. ಹಿಂದಿನ ಸಾಲಿನಲ್ಲಿ ಒಬ್ಬಿಬ್ಬರು ಹೆಂಗಸರು ಸೀರೆಯ ನೆರಿಗೆ ಸರಿಮಾಡಿಕೊಂಡು ಎದ್ದರು. ಅತ್ತೆಯೂ ಅಭ್ಯಾಸ ಬಲದಿಂದ ಕೈ ಊರಿ ಏಳಹೊರಟರು. ನಾನು ಅವರ ಕೈ ಹಿಡಿದು, “ಕೂತುಕೊಳ್ಳಿ ಅತ್ತೆ, ಇವತ್ತು ಯಾರಿಗೂ ರೊಟ್ಟಿ ಮಾಡುವುದಿಲ್ಲ” ಎಂದೆ. ಅವರು ನನ್ನ ಮುಖ ನೋಡಿ ಮತ್ತೆ ಚಕ್ಕಳಮಕ್ಕಳ ಹಾಕಿ ಕೂತರು. ಹುಡುಗಿ ತಂಬೂರಿ ಸ್ವಲ್ಪ ತಿರುಗಿಸಿಕೊಂಡು ಭೈರವಿ ಹಿಡಿದಳು.

ಮೇಲಿನ ಸ್ವರಗಳು ಅತ್ತೆಗೆ ಎಷ್ಟು ಸಿಕ್ಕವೋ ಹೇಳಲಾರೆ. ನಾನು ಕೇಳಲೂ ಇಲ್ಲ. ಹಾಡು ಮುಗಿದು ಎಲ್ಲರೂ ಎದ್ದ ಮೇಲೂ ಅವರು ಒಂದು ನಿಮಿಷ ಕೂತೇ ಇದ್ದರು. ಆಮೇಲೆ, “ಇಷ್ಟ ಹೊತ್ತು ಕೂತ್ರೂ ಯಾರೂ ಬೈಯಲಿಲ್ಲ ನೋಡವಾ” ಅಂದರು. ನನಗೆ ನಗು ಬಂತು; ಕಣ್ಣೂ ಒದ್ದೆಯಾಯಿತು.

ಆ ನಮ್ಮ ಬಂಧುಗಳ ಮಾತಿಗೆ ನನ್ನ ಉತ್ತರ ಇಷ್ಟೇ. ಕೂತು ಕೇಳಬೇಕು, ನಿಜ. ಆದರೆ ಕೂರಲಾಗದ ಐವತ್ತು ವರ್ಷ ನಿಂತು ಕೇಳಿದ್ದರಿಂದಲೇ ಅತ್ತೆಗೆ ಆ ದಿನ ಕೂತು ಕೇಳುವುದು ಬಂತು. ಭೈರವಿಯ ಮೊದಲ ಎಳೆಗೇ ಅವರ ತಲೆ ತೂಗಿದ್ದು ನಾನೇ ಕಂಡೆನಲ್ಲ.

ನೀವೂ ಹೋಗುವುದಾದರೆ

ಎರಡು ದಿನ ಸಾಕು. ಮೊದಲ ದಿನ ಕುಂದಗೋಳ ನೋಡಿಕೊಂಡು ಹುಬ್ಬಳ್ಳಿಗೆ ಬನ್ನಿ. ಎಲ್ಲ ಗಾಡಿಗಳೂ ಕುಂದಗೋಳದಲ್ಲಿ ನಿಲ್ಲುವುದಿಲ್ಲ, ಮೊದಲೇ ವಿಚಾರಿಸಿಕೊಳ್ಳಿ. ವಾಡೆ ಖಾಸಗಿ ಮನೆತನದ್ದು. ಹೋಗಿ ವಿನಯದಿಂದ ಕೇಳಿ, ಒಪ್ಪಿದರೆ ಒಳಗೆ ಹೋಗಿ. ಎರಡನೆಯ ದಿನ ಧಾರವಾಡ. ಸಂಗೀತದ ಕಾರ್ಯಕ್ರಮ ಇದೆಯೇ ಎಂದು ಹೊರಡುವ ಮುಂಚೆ ತಿಳಿದುಕೊಂಡರೆ ಒಳ್ಳೆಯದು. ಲೈನ್ ಬಜಾರಿನಲ್ಲಿ ಪೇಡೆ ಕೊಳ್ಳುವುದನ್ನು ನಾನು ಹೇಳಿಕೊಡಬೇಕೇ! ಸಂಜೆ ಗಿರಮಿಟ್ಟು, ಮಿರ್ಚಿ ತಿಂದರೆ ರಾತ್ರಿಯ ಊಟವೇ ಬೇಡ.

ಇನ್ನೊಂದು ದಿನ ಸಿಕ್ಕರೆ ಗದಗಿಗೆ ಹೋಗಿ. ಹುಬ್ಬಳ್ಳಿಯಿಂದ ಸುಮಾರು ಅರವತ್ತು ಕಿಲೋಮೀಟರು. ಅಲ್ಲಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧ ಮಕ್ಕಳಿಗೂ ಬಡ ಮಕ್ಕಳಿಗೂ ಅನ್ನ, ವಸತಿ ಕೊಟ್ಟು ಸಂಗೀತ ಕಲಿಸುತ್ತಾರೆ. ಅದನ್ನು ಕಟ್ಟಿ ಬೆಳೆಸಿದ ಪಂಚಾಕ್ಷರಿ ಗವಾಯಿಗಳಿಗೂ, 2010ರಲ್ಲಿ ಲಿಂಗೈಕ್ಯರಾದ ಪುಟ್ಟರಾಜ ಗವಾಯಿಗಳಿಗೂ ಕಣ್ಣು ಕಾಣುತ್ತಿರಲಿಲ್ಲ. ಬಸವರಾಜ ರಾಜಗುರು ಪಂಚಾಕ್ಷರಿ ಗವಾಯಿಗಳ ಶಿಷ್ಯರು. ವೆಂಕಟೇಶಕುಮಾರರು ಪುಟ್ಟರಾಜರ ಶಿಷ್ಯರು.

ಮನೆಯಲ್ಲೇ ಕೇಳುವವರಿಗೆ ಎರಡು ಮಾತು. ಮೊಬೈಲಿನ ಪುಟ್ಟ ಸ್ಪೀಕರಿನಲ್ಲಿ ತಂಬೂರಿಯ, ತಬಲಾದ ದಪ್ಪ ದನಿ ಸರಿಯಾಗಿ ಬರುವುದಿಲ್ಲ. ಕೈಗೆಟುಕುವ ಬೆಲೆಯ ಸಣ್ಣ ಸ್ಪೀಕರ್ ಒಂದನ್ನು ಜೋಡಿಸಿ, ಹಾಡಿನ ಬಣ್ಣವೇ ಬೇರೆಯಾಗುತ್ತದೆ. ಮನೆಯಲ್ಲಿ ಹಿರಿಯರಿಗೆ ಕಿವಿಯ ಯಂತ್ರವಿದ್ದರೆ, ಅದನ್ನು ಹೊಂದಿಸುವವರ ಬಳಿ ಸಂಗೀತಕ್ಕೆ ಬೇರೆ ಹೊಂದಾಣಿಕೆ ಮಾಡಿಕೊಡಲು ಕೇಳಿ. ಅನೇಕ ಯಂತ್ರಗಳಲ್ಲಿ ಆ ಸೌಲಭ್ಯವಿರುತ್ತದೆ. ನಾವು ಈಗ ಮಾಡಿಸಿದ್ದೇವೆ. ತಗಡಿನ ಸದ್ದು ಎಷ್ಟೋ ಕಡಿಮೆಯಾಗಿದೆ.

ನಮ್ಮ ಮನೆಯಲ್ಲಿ ಸದ್ಯ ಯಾರು ಹಾಡುತ್ತಿದ್ದಾರೆ ಎನ್ನುತ್ತೀರಾ? ಬೆಳಿಗ್ಗೆ ಮನಸೂರರು, ಮಧ್ಯಾಹ್ನ ಕೆಲಸ ಮುಗಿದ ಮೇಲೆ ನನ್ನ ಪಾಲಿಗೆ ಮೇವುಂಡಿಯವರು, ಸಂಜೆ ವೆಂಕಟೇಶಕುಮಾರರ ದುರ್ಗಾ, ಗುರುವಾರ ಭೀಮಸೇನರ ದಾಸರ ಪದ. ರಾತ್ರಿ ಅತ್ತೆಯವರ ಸರದಿ: ಗಂಗೂಬಾಯಿ. ಐದನೇ ತರಗತಿ ಓದಿದ ಆ ತಾಯಿಯ ಹೆಸರನ್ನೇ ಮೈಸೂರಿನ ಸಂಗೀತ ವಿಶ್ವವಿದ್ಯಾಲಯಕ್ಕೆ ಇಟ್ಟಿದ್ದಾರೆ. 2009ರ ಜುಲೈ 21ರಂದು ಹುಬ್ಬಳ್ಳಿಯಲ್ಲಿ ತೀರಿಕೊಂಡಾಗ ತಮ್ಮ ಕಣ್ಣುಗಳನ್ನೂ ದಾನ ಮಾಡಿಹೋದರು.

ನಿಮ್ಮ ಮನೆಯಲ್ಲೂ ಅರ್ಧಕ್ಕೇ ಎದ್ದು ಬಂದ ಹಿರಿಯರೊಬ್ಬರು ಇರಬಹುದು. ಯಾವ ಹಾಡು ಬಾಕಿ ಉಳಿಯಿತೆಂದು ಇವತ್ತೇ ಅವರನ್ನು ಕೇಳಿ ನೋಡಿ.